ಒಂದೇ ಗೋಡೆಯ ಜಗಳಗಂಟರು

ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಹಳ್ಳಿಗೆ ಬೇಸ್‌ಬಾಲ್‌ನ ನಂಟು ಅಂಟಿದ್ದೇ ಒಂದು ಜಗಳದಿಂದ. ಆಟದ ಹಿರಿಯ ವರದಿಗಾರ ಹೆನ್ರಿ ಚಾಡ್ವಿಕ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಬೇಸ್‌ಬಾಲ್ ಬೆಳೆದದ್ದು ಇಂಗ್ಲಿಷ್ ಮಕ್ಕಳ ರೌಂಡರ್ಸ್ ಆಟದಿಂದ ಎಂದು ಅವನು ಬರೆಯುತ್ತಲೇ ಬಂದ. ಒಂದು ಕಾಲಕ್ಕೆ ಪಿಚರ್ (ಚೆಂಡೆಸೆಯುವವನು) ಆಗಿದ್ದು ಆಮೇಲೆ ಆಟದ ಸಾಮಾನಿನ ದೊಡ್ಡ ವ್ಯಾಪಾರಿಯಾದ ಆಲ್ಬರ್ಟ್ ಸ್ಪಾಲ್ಡಿಂಗ್‌ಗೆ ಈ ಮಾತು ಸಹಿಸಲಿಲ್ಲ. ಅಮೆರಿಕದ ಆಟ ಅಮೆರಿಕದ ಮಣ್ಣಿನಲ್ಲೇ ಹುಟ್ಟಿರಬೇಕೆಂಬುದು ಅವನ ಹಟ. 1905ರಲ್ಲಿ ಒಂದು ಸಮಿತಿಯಾಯಿತು. ಡೆನ್ವರಿನ ಮುದುಕನೊಬ್ಬ ಬರೆದ ಪತ್ರವನ್ನು ನಂಬಿ ಅದು 1907ರ ಕೊನೆಗೆ ತೀರ್ಪು ಕೊಟ್ಟಿತು: 1839ರಲ್ಲಿ ಆಬ್ನರ್ ಡಬಲ್‌ಡೇ ಎಂಬವನು ಕೂಪರ್ಸ್‌ಟೌನ್‌ನಲ್ಲಿ ಈ ಆಟವನ್ನು ಕಂಡುಹಿಡಿದ. ಆ ವರ್ಷ ಡಬಲ್‌ಡೇ ವೆಸ್ಟ್ ಪಾಯಿಂಟ್ ಸೇನಾ ಶಾಲೆಯ ವಿದ್ಯಾರ್ಥಿ. ಇತಿಹಾಸಕಾರರು ಈ ಕಥೆಯನ್ನು ಎಂದೋ ಕಸದ ಬುಟ್ಟಿಗೆ ಹಾಕಿದ್ದಾರೆ. ಆದರೆ ಅಷ್ಟರಲ್ಲಿ ಊರಿನಲ್ಲಿ ಡಬಲ್‌ಡೇ ಹೆಸರಿನ ಮೈದಾನವಿತ್ತು, 1939ರ ಜೂನ್ 12ರಂದು ತೆರೆದ, ಹಾಲ್ ಆಫ್ ಫೇಮ್ ಎಂಬ ವಸ್ತುಸಂಗ್ರಹಾಲಯವೂ ಇತ್ತು. ಆಟದ ಶ್ರೇಷ್ಠರನ್ನು ಆರಿಸಿ ಅವರ ಫಲಕಗಳನ್ನು ಅಲ್ಲಿ ಹಾಕುತ್ತಾರೆ. ಚಾಡ್ವಿಕ್ ಮತ್ತು ಸ್ಪಾಲ್ಡಿಂಗ್ ಇಬ್ಬರ ಕಂಚಿನ ಫಲಕಗಳೂ ಇಂದು ಅಲ್ಲಿವೆ.

ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗ ಶನಿವಾರ ಬೆಳಗ್ಗೆ ಕಾರು ತೆಗೆದ. ನಾಲ್ಕು ಗಂಟೆಯ ದಾರಿ. ಕ್ಯಾಟ್ಸ್‌ಕಿಲ್ ಬೆಟ್ಟಗಳನ್ನು ದಾಟಿದ ಮೇಲೆ ಹಸುಗಳು, ಕೆಂಪು ಬಣ್ಣದ ಕೊಟ್ಟಿಗೆಗಳು, ಜೋಳದ ಹೊಲಗಳು. ಎರಡು ಸಾವಿರ ಜನರೂ ಇಲ್ಲದ ಹಳ್ಳಿ ಕೂಪರ್ಸ್‌ಟೌನ್, ಆಟ್ಸೆಗೋ ಸರೋವರದ ದಕ್ಷಿಣ ತುದಿಗೆ ಆತುಕೊಂಡಿದೆ. ಬೇಸಿಗೆಯಲ್ಲಿ ಊರೊಳಗೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಹೊರವಲಯದಲ್ಲಿ ನಿಲ್ಲಿಸಿ ಟ್ರಾಲಿ ಬಸ್ಸು ಹಿಡಿಯಬೇಕು. ಬಸ್ಸಿನ ತುಂಬ ಸಮವಸ್ತ್ರ ತೊಟ್ಟ ಹನ್ನೆರಡರ ಆಸುಪಾಸಿನ ಹುಡುಗರು. ಪಕ್ಕದಲ್ಲೇ ಮಕ್ಕಳ ತಂಡಗಳ ದೊಡ್ಡ ಪಂದ್ಯಾವಳಿ ನಡೆಯುತ್ತದೆ. ತಂಡಕ್ಕೊಂದರಂತೆ ಪಿನ್ನುಗಳಿರುತ್ತವೆ, ಅವನ್ನು ಹುಡುಗರು ಒಬ್ಬರಿಗೊಬ್ಬರು ಅದಲುಬದಲು ಮಾಡಿಕೊಳ್ಳುತ್ತಾರೆ. ಚೌಕಾಸಿಯ ಗದ್ದಲ ಬಸ್ಸು ನಿಲ್ಲುವವರೆಗೂ ಇಳಿಯಲಿಲ್ಲ.

"ಮಾವ, ಮೊದಲು ಎರಡನೇ ಮಹಡಿಯಿಂದ ಶುರು ಮಾಡಬೇಕು, ಅದೇ ಕ್ರಮ" ಎಂದ ಅವನು. ನಾನು ಕ್ರಮ ಬಿಟ್ಟು ಕೆಳಗಿನ ಫಲಕಗಳ ಸಭಾಂಗಣಕ್ಕೇ ನಡೆದೆ. ಹಳೆಯ ಬ್ಯಾಟುಗಳು, ಬೆವರಿನ ಟೊಪ್ಪಿಗೆಗಳು ಎಲ್ಲ ಆಟದ ಸಂಗ್ರಹಾಲಯಗಳಲ್ಲೂ ಒಂದೇ ತರ. ನನಗೆ ಬೇಕಿದ್ದದ್ದು ಮುಖಗಳು. ಅದರಲ್ಲೂ, ಬದುಕಿದ್ದಾಗ ಒಬ್ಬರ ಮುಖ ಒಬ್ಬರು ನೋಡದವರು ಇಲ್ಲಿ ಹೇಗೆ ನೆರೆಹೊರೆಯವರಾಗಿದ್ದಾರೆ ಎಂಬುದು. ಫಲಕಗಳನ್ನು ಆಯ್ಕೆಯಾದ ವರ್ಷದ ಪ್ರಕಾರ ತೂಗುಹಾಕಿದ್ದಾರೆ. ಯಾರಿಗೆ ಯಾರೊಂದಿಗೆ ಎಣ್ಣೆ-ಸೀಗೆಕಾಯಿ ಎಂಬುದನ್ನು ಆ ಲೆಕ್ಕ ಕೇಳುವುದಿಲ್ಲ.

1946ರ ಗುಂಪಿನ ಮುಂದೆ ಬಹಳ ಹೊತ್ತು ನಿಂತೆ. ಜೋ ಟಿಂಕರ್, ಜಾನಿ ಎವರ್ಸ್, ಫ್ರ್ಯಾಂಕ್ ಚಾನ್ಸ್: ಷಿಕಾಗೋ ಕಬ್ಸ್ ತಂಡದ ಶಾರ್ಟ್‌ಸ್ಟಾಪ್, ಎರಡನೇ ಬೇಸಿನವನು, ಮೊದಲನೇ ಬೇಸಿನವನು. ಓಟಗಾರ ಒಂದೊಂದಾಗಿ ಮುಟ್ಟಬೇಕಾದ ನೆಲದ ಗುರುತುಗಳೇ ಬೇಸುಗಳು; ಎರಡನೇ ಮತ್ತು ಮೂರನೇ ಬೇಸಿನ ನಡುವೆ ಕಾಯುವವನು ಶಾರ್ಟ್‌ಸ್ಟಾಪ್. ನೆಲಕ್ಕೆ ಹೊಡೆದ ಚೆಂಡನ್ನು ಟಿಂಕರ್ ಹಿಡಿದು ಎರಡನೇ ಬೇಸಿನತ್ತ ಎಸೆಯಬೇಕು. ಎವರ್ಸ್ ಓಡುತ್ತ ಬಂದು ಹಿಡಿದು, ಬೇಸನ್ನು ಮೆಟ್ಟಿ, ಅದೇ ಚಲನೆಯಲ್ಲಿ ಚಾನ್ಸ್‌ಗೆ ಎಸೆಯಬೇಕು. ಎರಡನೇ ಬೇಸಿನತ್ತ ಓಡುತ್ತಿದ್ದವನು, ಚೆಂಡು ಹೊಡೆದವನು: ಒಂದೇ ಹೊಡೆತಕ್ಕೆ ಇಬ್ಬರು ಔಟ್. ಇದೇ ಡಬಲ್ ಪ್ಲೇ. ಎವರ್ಸ್ ಇನ್ನೂ ಓಡುತ್ತಿರುವಾಗಲೇ, ಅವನು ಇರುವ ಕಡೆಗಲ್ಲ, ಇರಬೇಕಾದ ಕಡೆಗೆ ಟಿಂಕರ್ ಚೆಂಡನ್ನು ಬಿಡಬೇಕು. ಕಣ್ಣೆತ್ತಿ ನೋಡುವಷ್ಟೂ ಸಮಯವಿರುವುದಿಲ್ಲ. 1910ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರ ಅಂಕಣಕಾರ ಈ ಮೂವರ ಕಾಟ ತಾಳಲಾರದೆ ಎಂಟು ಸಾಲಿನ ಪದ್ಯ ಬರೆದ. ಮೂವರ ಹೆಸರೂ ಅಮೆರಿಕದ ಗಾದೆಯಾಯಿತು.

ಆ ಪದ್ಯ ಅಚ್ಚಾಗುವ ಹೊತ್ತಿಗೆ ಟಿಂಕರ್ ಮತ್ತು ಎವರ್ಸ್ ಮಾತು ಬಿಟ್ಟು ಐದು ವರ್ಷವಾಗಿತ್ತು. 1905ರ ಸೆಪ್ಟೆಂಬರಿನಲ್ಲಿ ಇಂಡಿಯಾನಾದ ಸಣ್ಣ ಊರೊಂದರಲ್ಲಿ ಪ್ರದರ್ಶನ ಪಂದ್ಯವಿತ್ತು. ಹೋಟೆಲಿನಿಂದ ಮೈದಾನಕ್ಕೆ ಹೋಗಲು ಎವರ್ಸ್ ಬಾಡಿಗೆ ಕುದುರೆಗಾಡಿಯೊಂದನ್ನು ಹತ್ತಿದ. ಉಳಿದವರನ್ನು ಅಲ್ಲೇ ಬಿಟ್ಟು ಒಬ್ಬನೇ ಹೊರಟುಹೋದ. ಮೈದಾನಕ್ಕೆ ಬಂದ ಟಿಂಕರ್ ಬೈದ, ಮಾತಿಗೆ ಮಾತು ಬೆಳೆಯಿತು, ಎಲ್ಲರ ಕಣ್ಣೆದುರೇ ಇಬ್ಬರೂ ಗುದ್ದಾಡಿದರು. ಟಿಂಕರ್ ಹತ್ತಿರದಿಂದ ಬಿರುಸಾಗಿ ಚೆಂಡೆಸೆದು ಎವರ್ಸ್‌ನ ಬೆರಳಿಗೆ ಪೆಟ್ಟು ಮಾಡಿದ್ದೇ ಕಾರಣ ಎಂಬ ಇನ್ನೊಂದು ಕಥೆಯೂ ಇದೆ. ನನಗೆ ಕುದುರೆಗಾಡಿಯೇ ಹೆಚ್ಚು ನಂಬಿಕೆಗೆ ಯೋಗ್ಯವೆನಿಸುತ್ತದೆ. ಬೆರಳು ವಾಸಿಯಾಗುತ್ತದೆ, ಬಿಟ್ಟುಹೋದವನ ಬೆನ್ನು ನೋಡುತ್ತ ಹೋಟೆಲಿನ ಬಾಗಿಲಲ್ಲಿ ನಿಂತದ್ದು ವಾಸಿಯಾಗುವ ಗಾಯವಲ್ಲ.

ಮಾತಿಲ್ಲದೆಯೇ ಅವರು 1906, 1907, 1908 ಮತ್ತು 1910ರಲ್ಲಿ ಲೀಗ್ ಗೆದ್ದರು. 1907 ಮತ್ತು 1908ರಲ್ಲಿ, ಎರಡು ಲೀಗ್‌ಗಳ ವಿಜೇತರು ಸೆಣಸುವ ವಿಶ್ವ ಸರಣಿಯನ್ನೂ ಗೆದ್ದರು. ಆ ಮೇಲೆ ಕಬ್ಸ್‌ಗೆ ಮತ್ತೆ ವಿಶ್ವ ಸರಣಿ ದಕ್ಕಿದ್ದು 2016ರಲ್ಲಿ. 1938ರ ವಿಶ್ವ ಸರಣಿಗೆ ಷಿಕಾಗೋದ ರೇಡಿಯೋ ಪ್ರಸಾರಕ್ಕೆಂದು ಇಬ್ಬರನ್ನೂ ಕರೆಸಿದರು, ಇನ್ನೊಬ್ಬ ಬರುವ ಸುದ್ದಿ ಇಬ್ಬರಿಗೂ ಗೊತ್ತಿರಲಿಲ್ಲವಂತೆ. ಎದುರುಬದುರಾದಾಗ ಅಪ್ಪಿಕೊಂಡು ಅತ್ತರು ಎನ್ನುತ್ತಾರೆ. ಎವರ್ಸ್ ತೀರಿಕೊಂಡದ್ದು 1947ರಲ್ಲಿ, ಟಿಂಕರ್ ಮರುವರ್ಷ. ಫಲಕಗಳಲ್ಲಿ ಡಬಲ್ ಪ್ಲೇ ಜೋಡಿಯ ಹೊಗಳಿಕೆ ಇದೆ, ಕುದುರೆಗಾಡಿಯ ಸುದ್ದಿ ಇಲ್ಲ.

ಸಭಾಂಗಣದ ಕೊನೆಯ ದುಂಡು ಕೋಣೆಯಲ್ಲಿ 1936ರಲ್ಲಿ ಆಯ್ಕೆಯಾದ ಮೊದಲ ಐವರಿದ್ದಾರೆ. 226 ಮತಗಳಲ್ಲಿ 222 ಪಡೆದು ಎಲ್ಲರಿಗಿಂತ ಮುಂದಿದ್ದವನು ಟೈ ಕಾಬ್, ಬೇಬ್ ರೂಥ್‌ಗಿಂತ ಏಳು ಹೆಚ್ಚು. ಇವನ ಜಗಳಗಳ ಪಟ್ಟಿ ಮಾಡಲು ಹೊರಟರೆ ಬೇರೆ ಪ್ರವಾಸವೇ ಬೇಕು. 1910ರದೊಂದನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ಅದರಲ್ಲಿ ನಗುವೂ ಇದೆ. ಆ ವರ್ಷದ ಬ್ಯಾಟಿಂಗ್ ಸರಾಸರಿಯಲ್ಲಿ ಮೊದಲು ಬಂದವನಿಗೆ ಚಾಮರ್ಸ್ ಕಂಪನಿ ಒಂದು ಕಾರನ್ನು ಬಹುಮಾನವಾಗಿ ಇಟ್ಟಿತ್ತು. ಕಾಬ್ ತನ್ನ ಸರಾಸರಿ ಭದ್ರವೆಂದುಕೊಂಡು ಕೊನೆಯ ಎರಡು ಪಂದ್ಯ ಆಡಲೇ ಇಲ್ಲ. ಹಿಂದೆ ಇದ್ದವನು ಕ್ಲೀವ್‌ಲ್ಯಾಂಡಿನ ನ್ಯಾಪ್ ಲಾಜೊವೇ. ಸಂಭಾವಿತ, ಎಲ್ಲರಿಗೂ ಬೇಕಾದವನು. ಅಕ್ಟೋಬರ್ 9ರಂದು ಸೇಂಟ್ ಲೂಯಿಸ್‌ನಲ್ಲಿ ಅವನಿಗೆ ಒಂದೇ ದಿನ ಎರಡು ಪಂದ್ಯ. ಎದುರಾಳಿ ಮ್ಯಾನೇಜರ್ ಜ್ಯಾಕ್ ಓ'ಕಾನರ್ ತನ್ನ ಮೂರನೇ ಬೇಸಿನ ಎಳೆಯ ಆಟಗಾರನಿಗೆ ದೂರ ಹಿಂದಕ್ಕೆ ಹೋಗಿ ನಿಲ್ಲಲು ಹೇಳಿದ. ಲಾಜೊವೇ ಚೆಂಡನ್ನು ಬ್ಯಾಟಿಗೆ ತಾಗಿಸಿ ಮುಂದೆ ಉರುಳಿಸುವುದು, ಆರಾಮಾಗಿ ಮೊದಲ ಬೇಸ್‌ಗೆ ಓಡುವುದು. ಹೀಗೆ ದಿನದ ಕೊನೆಗೆ ಎಂಟು ಹಿಟ್, ಅಂದರೆ ಚೆಂಡು ಹೊಡೆದು ಬೇಸ್ ತಲುಪಿದ ಲೆಕ್ಕ. ಇನ್ನೊಂದು ಬರೆದುಕೊಂಡರೆ ಹೊಸ ಸೂಟು ಹೊಲಿಸಿಕೊಡುತ್ತೇವೆಂದು ಅಂಕ ಬರೆಯುವವರಿಗೆ ಆಮಿಷವೂ ಹೋಯಿತು. ಓ'ಕಾನರ್ ಕೆಲಸ ಕಳೆದುಕೊಂಡ. ಲೀಗಿನ ಅಧ್ಯಕ್ಷ ಕೂದಲೆಳೆಯ ಅಂತರದಲ್ಲಿ ಕಾಬ್ ಗೆದ್ದನೆಂದು ಸಾರಿದ. ಜಾಣ ಕಂಪನಿ ಇಬ್ಬರಿಗೂ ಒಂದೊಂದು ಕಾರು ಕೊಟ್ಟು ಎರಡರಷ್ಟು ಪ್ರಚಾರ ಪಡೆಯಿತು. ಕಾಬ್‌ನ ಒಂದು ಪಂದ್ಯವನ್ನು ಆಗ ಎರಡು ಸಲ ಲೆಕ್ಕ ಹಿಡಿದಿದ್ದರು ಎಂಬುದು 1981ರಲ್ಲಿ ಬಯಲಾಯಿತು. ಆದರೂ ಬೇಸ್‌ಬಾಲ್ ಆಯುಕ್ತರು ಹಳೆಯ ತೀರ್ಪನ್ನು ಬದಲಿಸಲು ಒಪ್ಪಲಿಲ್ಲ. ನಮ್ಮ ಕಂದಾಯ ದಾಖಲೆಗಳ ನೆನಪಾಯಿತು.

1983ರ ಗುಂಪಿನಲ್ಲಿ ಹ್ವಾನ್ ಮಾರಿಚಾಲ್ ಇದ್ದಾನೆ. ಡೊಮಿನಿಕನ್ ಗಣರಾಜ್ಯದವನು, 243 ಗೆಲುವಿನ ಪಿಚರ್, ಎಡಗಾಲನ್ನು ತಲೆಗಿಂತ ಮೇಲಕ್ಕೆತ್ತಿ ಚೆಂಡೆಸೆಯುತ್ತಿದ್ದವನು. ಅವನ ಕಥೆಯ ಇನ್ನೊಬ್ಬ ಜಾನ್ ರೋಸ್‌ಬರೋ ಈ ಗೋಡೆಯ ಮೇಲೆಲ್ಲೂ ಇಲ್ಲ. ಅದು ನನಗೆ ಸರಿಯೆನಿಸಲಿಲ್ಲ. ಅವನ ಆಟ ಫಲಕಕ್ಕೆ ಸಾಲುತ್ತಿತ್ತೇ ಎಂಬುದು ಬೇರೆ ಮಾತು. ಆದರೆ ಮಾರಿಚಾಲ್‌ನ ಫಲಕದಲ್ಲಿ ಅವನ ಪಾಲೂ ಇದೆ.

1965ರ ಆಗಸ್ಟ್ 22, ಸ್ಯಾನ್‌ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಮೈದಾನ. ಜೈಂಟ್ಸ್‌ ಮತ್ತು ಡಾಡ್ಜರ್ಸ್‌ ನಡುವೆ ಪಟ್ಟಕ್ಕೆ ಪೈಪೋಟಿ. ಡಾಡ್ಜರ್ಸ್‌ನ ಊರಾದ ಲಾಸ್ ಏಂಜಲೀಸ್‌ನಲ್ಲಿ ವಾಟ್ಸ್ ಬಡಾವಣೆಯ ದಂಗೆ ಆಗಷ್ಟೇ ತಣ್ಣಗಾಗಿತ್ತು. ಮಾರಿಚಾಲ್‌ನ ತಾಯ್ನಾಡಿನಲ್ಲಿ ಅಂತರ್ಯುದ್ಧ ನಡೆದಿತ್ತು. ಜೈಂಟ್ಸ್‌ಗೆ ಆಡುತ್ತಿದ್ದ ಮಾರಿಚಾಲ್, ಡಾಡ್ಜರ್ಸ್‌ನ ಇಬ್ಬರ ಮೈಹತ್ತಿರಕ್ಕೆ ಚೆಂಡೆಸೆದು ಬೀಳಿಸಿದ್ದ. ಅವನು ಬ್ಯಾಟ್ ಹಿಡಿದು ಬಂದಾಗ ಸೇಡು ತೀರಿಸುವ ಮನಸ್ಸು ಡಾಡ್ಜರ್ಸ್‌ನ ಪಿಚರ್ ಸ್ಯಾಂಡಿ ಕೋಫ್ಯಾಕ್ಸ್‌ಗೆ ಇರಲಿಲ್ಲ. ಆ ಕೆಲಸವನ್ನು, ಬ್ಯಾಟುಗಾರನ ಬೆನ್ನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ರೋಸ್‌ಬರೋ ತಾನೇ ವಹಿಸಿಕೊಂಡ: ಚೆಂಡನ್ನು ಪಿಚರ್‌ಗೆ ಹಿಂದಿರುಗಿಸುವಾಗ ಮಾರಿಚಾಲ್‌ನ ಕಿವಿಗೆ ಗಾಳಿ ಸೋಕುವಂತೆ ಎಸೆದ. ಬೇಕೆಂದೇ ಹಾಗೆ ಮಾಡಿದೆ ಎಂದು ಆಮೇಲೆ ಒಪ್ಪಿಕೊಂಡ ಕೂಡ. ಮಾರಿಚಾಲ್ ತಿರುಗಿದ; ಬ್ಯಾಟಿನಿಂದ ಅವನ ತಲೆಗೆ ಬಾರಿಸಿದ. ಮುಖದ ಮೇಲೆಲ್ಲ ರಕ್ತ, 14 ಹೊಲಿಗೆ. ಎದುರು ತಂಡವಾದ ಜೈಂಟ್ಸ್‌ನ ವಿಲಿ ಮೇಸ್ ಓಡಿ ಬಂದು ರೋಸ್‌ಬರೋವನ್ನು ಹಿಡಿದು ಸಮಾಧಾನಪಡಿಸಿ ಕರೆದೊಯ್ದ. ಆಟ ಮತ್ತೆ ಶುರುವಾದಾಗ ಕೈ ಅದುರಿದ ಕೋಫ್ಯಾಕ್ಸ್‌ಗೆ ಮೂರು ರನ್ನಿನ ಹೋಂ ರನ್ ಹೊಡೆದವನೂ ಅದೇ ಮೇಸ್. ಕರುಣೆ ಕರುಣೆಯ ಜಾಗದಲ್ಲಿ, ಆಟ ಆಟದ ಜಾಗದಲ್ಲಿ. ಪಂದ್ಯ ಜೈಂಟ್ಸ್‌ಗೆ, ಪಟ್ಟ ಮಾತ್ರ ಡಾಡ್ಜರ್ಸ್‌ಗೆ.

ಮಾರಿಚಾಲ್‌ಗೆ 1,750 ಡಾಲರ್ ದಂಡ, ಎಂಟು ಪಂದ್ಯಗಳ ಅಮಾನತು. ರೋಸ್‌ಬರೋ ನ್ಯಾಯಾಲಯಕ್ಕೆ ಹೋದ, ರಾಜಿಯಾಯಿತು. ಹತ್ತು ವರ್ಷದ ಮೇಲೆ, 1975ರಲ್ಲಿ, ಮಾರಿಚಾಲ್ ಬಂದು ಸೇರಿದ್ದು ಡಾಡ್ಜರ್ಸ್ ತಂಡವನ್ನೇ. ಅಭಿಮಾನಿಗಳು ಕುದಿಯುತ್ತಿದ್ದಾಗ ಅವನನ್ನು ಕ್ಷಮಿಸಿ ಎಂದು ಕೇಳಿದವನು ರೋಸ್‌ಬರೋ. ಕೂಪರ್ಸ್‌ಟೌನ್‌ಗೆ ಬರಲು ಪತ್ರಕರ್ತರ ಮುಕ್ಕಾಲು ಪಾಲು ಮತ ಬೇಕು. ಆ ಒಂದು ಏಟಿನ ನೆನಪು 1981ರಲ್ಲೂ 1982ರಲ್ಲೂ ಅಡ್ಡ ಬಂತು. ರೋಸ್‌ಬರೋ ಬಹಿರಂಗವಾಗಿ ಅವನ ಪರ ನಿಂತ. 1983ರಲ್ಲಿ ಬಾಗಿಲು ತೆರೆಯಿತು. 2002ರಲ್ಲಿ ರೋಸ್‌ಬರೋ ತೀರಿಕೊಂಡಾಗ ಅವನ ಅಂತ್ಯಕ್ರಿಯೆಯಲ್ಲಿ ನಿಂತು ಮಾತನಾಡಿದವರಲ್ಲಿ ಮಾರಿಚಾಲ್ ಒಬ್ಬ.

ತಲೆ ಒಡೆದವನಿಗೂ ಒಡೆಸಿಕೊಂಡವನಿಗೂ ಹತ್ತು ವರ್ಷದಲ್ಲಿ ರಾಜಿ. ಕುದುರೆಗಾಡಿಗೆ ಮೂವತ್ತಮೂರು ವರ್ಷ. ಇದನ್ನೇ ಹೇಳುತ್ತ ಹೊರಬಂದೆ. ಹುಡುಗ ಆಗಲೇ ಐಸ್‌ಕ್ರೀಮಿನ ಸಾಲಿನಲ್ಲಿದ್ದ. "ರಕ್ತ ಬಂದಿದ್ದರಿಂದ ಎಲ್ಲರಿಗೂ ಕಂಡಿತು ಮಾವ, ಯಾರಾದರೂ ಏನಾದರೂ ಮಾಡಲೇಬೇಕಿತ್ತು" ಎಂದ. ನ್ಯಾಯವಾದ ಮಾತು.

ಮುಂದಿನ ವಾರ ನಾಲ್ಕನೇ ನಂಬರಿನ ರೈಲು ಹಿಡಿದು ನ್ಯೂಯಾರ್ಕಿನ ಬ್ರಾಂಕ್ಸ್‌ಗೆ ಹೋದೆವು, ಯಾಂಕೀಸ್ ತಂಡದ ಯಾಂಕೀ ಸ್ಟೇಡಿಯಂಗೆ. ಮೈದಾನದ ನಡು ಬೇಲಿಯ ಆಚೆಗೆ ಮಾನ್ಯುಮೆಂಟ್ ಪಾರ್ಕ್ ಇದೆ; ಟಿಕೆಟ್ ಇದ್ದವರು ಬೇಗ ಹೋದರೆ ನೋಡಬಹುದು, ಆಟಕ್ಕೆ ಮುಕ್ಕಾಲು ಗಂಟೆ ಮೊದಲು ಮುಚ್ಚಿಬಿಡುತ್ತಾರೆ. ಸಾಲು ಹೆಜ್ಜೆ ಹೆಜ್ಜೆಯಾಗಿ ಸಾಗುತ್ತದೆ, ಕಾವಲಿನವರು ಅವಸರಪಡಿಸುತ್ತಲೇ ಇರುತ್ತಾರೆ. ಯಾಂಕೀಸ್‌ಗೆ ಜೊತೆಯಾಗಿ ಆಡಿದ ಬೇಬ್ ರೂಥ್ ಮತ್ತು ಲೂ ಗೆರಿಗ್ ಇಲ್ಲಿ ಒಟ್ಟಿಗೆ ಇದ್ದಾರೆ. ರೂಥ್‌ನ ಮಗಳಿಗೆ ತೊಡಿಸಿದ ಬಟ್ಟೆಯ ಬಗ್ಗೆ ಗೆರಿಗ್‌ನ ತಾಯಿ ಏನೋ ಅಂದರಂತೆ. ಮಾತು ರೂಥ್‌ನ ಮನೆ ತಲುಪಿತು. ಮೈದಾನದ ಹೊರಗೆ ಇನ್ನು ನನ್ನೊಡನೆ ಮಾತಾಡಬೇಡ ಎಂದು ರೂಥ್ ಹೇಳಿ ಕಳಿಸಿದ. ಸಾಯುವ ಕಾಯಿಲೆಯ ಗೆರಿಗ್‌ಗೆ 1939ರ ಜುಲೈ 4ರಂದು ಸನ್ಮಾನ ಮಾಡಿದಾಗ ರೂಥ್ ಬಂದು ತಬ್ಬಿಕೊಂಡ. ಆ ಚಿತ್ರ ಎಲ್ಲರೂ ನೋಡಿರುವಂಥದ್ದು. ಅದರಿಂದ ಗೆಳೆತನ ಮರಳಿತೆಂದು ಹೇಳುವ ಧೈರ್ಯ ನನಗಿಲ್ಲ.

ಅದೇ ಆವರಣದಲ್ಲಿ ಮ್ಯಾನೇಜರ್ ಬಿಲ್ಲಿ ಮಾರ್ಟಿನ್, ಆಟಗಾರ ರೆಜಿ ಜ್ಯಾಕ್ಸನ್, ಹಳೆಯ ಕ್ಯಾಚರ್ ಯೋಗಿ ಬೆರಾ, ಮತ್ತು ಅಂದಿನ ಮಾಲೀಕ ಜಾರ್ಜ್ ಸ್ಟೈನ್‌ಬ್ರೆನರ್. ಮಾಲೀಕನ ಫಲಕ ಆಟಗಾರರ ಫಲಕಗಳಿಗಿಂತ ದೊಡ್ಡದು, ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಮಾರ್ಟಿನ್‌ನನ್ನು ಅವನು ಐದು ಸಲ ಮ್ಯಾನೇಜರ್ ಮಾಡಿ ಐದು ಸಲವೂ ಮನೆಗೆ ಕಳಿಸಿದ. 1977ರ ಜೂನ್ 18ರಂದು ಬಾಸ್ಟನ್ನಿನಲ್ಲಿ ಮಾರ್ಟಿನ್, ರೆಜಿ ಸರಿಯಾಗಿ ಓಡಲಿಲ್ಲವೆಂದು ಇನ್ನಿಂಗ್ಸ್ ಮಧ್ಯದಲ್ಲೇ ಅವನನ್ನು ಹೊರಗೆ ಕರೆದ. ಟಿವಿ ಕ್ಯಾಮೆರಾದ ಎದುರೇ ಇಬ್ಬರೂ ಹೊಡೆದಾಡಲು ಹೊರಟಾಗ ಮಾರ್ಟಿನ್‌ನನ್ನು ಹಿಡಿದುಕೊಂಡವರಲ್ಲಿ ಒಬ್ಬ ಯೋಗಿ ಬೆರಾ. ಬೇರೆಯವರ ಜಗಳ ಬಿಡಿಸಿದ ಆ ಸಾಧು ಮನುಷ್ಯ ತನ್ನ ಜಗಳವನ್ನು ಮಾತ್ರ ಹದಿನಾಲ್ಕು ವರ್ಷ ಕಾಪಾಡಿಕೊಂಡ.

ಅದರ ಜಾಗ ನೋಡಲು ದೂರ ಹೋಗಬೇಕಾಗಿರಲಿಲ್ಲ. ನ್ಯೂಜೆರ್ಸಿಯ ಮಾಂಟ್‌ಕ್ಲೇರ್ ವಿಶ್ವವಿದ್ಯಾಲಯದ ಆವರಣದಲ್ಲಿ ಬೆರಾ ಹೆಸರಿನ ಸಣ್ಣ ವಸ್ತುಸಂಗ್ರಹಾಲಯವಿದೆ. 1985ರಲ್ಲಿ ಬೆರಾ ಯಾಂಕೀಸ್‌ನ ಮ್ಯಾನೇಜರ್ ಆಗಿದ್ದ, ಮಗನೂ ತಂಡದಲ್ಲಿದ್ದ. ಹದಿನಾರೇ ಪಂದ್ಯಕ್ಕೆ ಸ್ಟೈನ್‌ಬ್ರೆನರ್ ಅವನನ್ನು ತೆಗೆದುಹಾಕಿದ. ಅದನ್ನು ಹೇಳಲೂ ತಾನು ಬರದೆ ಇನ್ನೊಬ್ಬನನ್ನು ಕಳಿಸಿದ. ಕೆಲಸ ಹೋದದ್ದಕ್ಕೆ ಬೆರಾ ಕೊರಗಲಿಲ್ಲ. ಎದುರು ಬಂದು ಹೇಳಲಿಲ್ಲ ಎಂಬುದೊಂದೇ ಅವನ ತಕರಾರು. ಮತ್ತೆ ಆ ಸ್ಟೇಡಿಯಂ ಮೆಟ್ಟಿಲು ಹತ್ತಲಿಲ್ಲ. 1988ರಲ್ಲಿ ಅವನ ಫಲಕ ಅಲ್ಲಿ ಏರಿದಾಗಲೂ ಆಣೆ ಮುರಿಯಲಿಲ್ಲ. 1999ರ ಜನವರಿಯಲ್ಲಿ ಸ್ಟೈನ್‌ಬ್ರೆನರ್ ಈ ಕಟ್ಟಡಕ್ಕೇ ಬಂದು ಕ್ಷಮೆ ಕೇಳಿದ. "ನೀನು ಹತ್ತು ನಿಮಿಷ ತಡವಾಗಿ ಬಂದೆ" ಎಂದು ಬೆರಾ ಅವನಿಗೆ ಮೊದಲು ಹೇಳಿದ್ದು ಪ್ರಸಿದ್ಧ. ಆ ಜುಲೈ 18ರಂದು ಸ್ಟೇಡಿಯಂನಲ್ಲಿ ಯೋಗಿ ಬೆರಾ ದಿನ. 1956ರ ವಿಶ್ವ ಸರಣಿಯಲ್ಲಿ ಒಬ್ಬನನ್ನೂ ಬೇಸ್‌ಗೆ ಬಿಡದೆ ಪರಿಪೂರ್ಣ ಪಂದ್ಯ ಎಸೆದ ಡಾನ್ ಲಾರ್ಸನ್ ವಿಧ್ಯುಕ್ತ ಮೊದಲ ಚೆಂಡನ್ನು ಬೆರಾಗೆ ಎಸೆದ; ಅಂದೂ ಹಿಡಿದಿದ್ದ ಕ್ಯಾಚರ್ ಬೆರಾನೇ. ಆಮೇಲೆ ನಡೆದ ಪಂದ್ಯದಲ್ಲಿ ಡೇವಿಡ್ ಕೋನ್ 88 ಎಸೆತಗಳಲ್ಲಿ ಇನ್ನೊಂದು ಪರಿಪೂರ್ಣ ಪಂದ್ಯ ಮುಗಿಸಿದ. ಕಥೆಗಾರ ಬರೆದಿದ್ದರೆ ಸಂಪಾದಕರು ಹೊಡೆದುಹಾಕುತ್ತಿದ್ದರು.

ಬೆರಾ ಬಿಡದ ಜಗಳ ಇನ್ನೊಂದಿದೆ. 1955ರ ವಿಶ್ವ ಸರಣಿಯ ಮೊದಲ ಪಂದ್ಯದಲ್ಲಿ ಎದುರಾಳಿ ಡಾಡ್ಜರ್ಸ್‌ನ ಜಾಕಿ ರಾಬಿನ್ಸನ್ ಮೂರನೇ ಬೇಸಿನಿಂದ ಕದ್ದು ಓಡಿ, ರನ್ ಪೂರ್ತಿಯಾಗುವ ಹೋಂ ಪ್ಲೇಟಿಗೆ ಜಾರಿದ. ಅಂಪೈರ್ ಸೇಫ್ ಎಂದ. ಬೆರಾ ಕುಣಿದಾಡಿದ, 2015ರಲ್ಲಿ ಸಾಯುವವರೆಗೂ ಅದು ಔಟೇ ಎಂದು ಹೇಳುತ್ತಿದ್ದ. ವಾಹನ ನಿಲ್ದಾಣದಲ್ಲಿ ಕಾರಿನೊಳಗೆ ಕೂತು ಆ ತುಣುಕನ್ನು ಹುಡುಗ ಮೊಬೈಲಿನಲ್ಲಿ ಹಾಕಿದ.

"ಸೇಫ್" ಎಂದ.

"ಕಾಲು ಇನ್ನೂ ಗಾಳಿಯಲ್ಲಿದೆ, ಗ್ಲೌಸ್ ಆಗಲೇ ಕೆಳಗಿದೆ. ಔಟ್" ಎಂದೆ.

ಅವನು ಮತ್ತೆ ಹಾಕಿದ. ಊಟದ ಹೊತ್ತಿಗೆ ಮನೆ ಸೇರುತ್ತೇವೆಂದು ಅಕ್ಕನಿಗೆ ಹೇಳಿದ್ದೆವು, ಸೇರಲಿಲ್ಲ.