ಒಂಬತ್ತರಲ್ಲಿ ಭಾಗ ಹೋಗತ್ತಾ?

"ಒಂಬತ್ತರಲ್ಲಿ ಭಾಗ ಹೋಗತ್ತಾ ನೋಡಮ್ಮಾ."

ಮಂಗಳವಾರ ಸಂಜೆ ಐದೂವರೆಗೆ ನಮ್ಮ ಬ್ಯಾಂಕಿನ ಕ್ಯಾಶ್ ಕೌಂಟರಿನೊಳಗೆ ಕೇಳಿದ ಈ ಮಾತು ಇನ್ನೂ ತಲೆಯಿಂದ ಹೋಗಿಲ್ಲ.

ಕ್ಯಾಶಿಯರ್ ಹುಡುಗಿ ಸೇರಿ ಇನ್ನೂ ವರ್ಷ ತುಂಬಿಲ್ಲ. ದಿನದ ಲೆಕ್ಕಕ್ಕೆ ಕ್ಯಾಶ್ 5,400 ರೂಪಾಯಿ ಶಾರ್ಟ್, ಅಂದರೆ ಕಡಿಮೆ. ನೂರು ನೋಟಿನ ಪ್ಯಾಕೆಟ್, ಹತ್ತು ಪ್ಯಾಕೆಟ್ಟಿನ ಬಂಡಲ್, ಬಿಡಿ ನೋಟು, ನಾಣ್ಯ ಎಲ್ಲ ಎರಡು ಸಲ ಎಣಿಸಿಯಾಗಿತ್ತು. ಮೂರನೇ ಸಲ ಮೆಷಿನ್ನಿಗೆ ಹಾಕಲು ಹೊರಟವಳ ಕೈ ನಡುಗುತ್ತಿತ್ತು. ಶಾರ್ಟ್ ಬಂದರೆ ಕ್ಯಾಶಿಯರ್ ಕೈಯಿಂದ ಕಟ್ಟಬೇಕು. ಹೆಚ್ಚು ಬಂದರೆ ಅದು ಬ್ಯಾಂಕಿನ ಸಂಡ್ರಿ (ಇತರೆ ಬಾಬ್ತು) ಖಾತೆಗೆ. ಎಂಥ ನ್ಯಾಯವೋ!

ಆ ಮಾತು ಹೇಳಿದವರು ವಾಲ್ಟಿನ ಎರಡನೇ ಕೀಲಿ ಇಟ್ಟುಕೊಂಡಿರುವ ಆಫೀಸರ್ ಮೇಡಂ. ಮುಖದಲ್ಲಿ ನಗು ಕಡಿಮೆ, ಪ್ರೊಮೋಷನ್ನೇ ಬೇಡ ಅಂದವರು. 5,400 ಭಾಗಿಸು ಒಂಬತ್ತು, 600. ಎಂಟ್ರಿ ಮಾಡುವಾಗ ಪಕ್ಕಪಕ್ಕದ ಎರಡು ಅಂಕಿ ತಿರುವುಮುರುವಾದರೆ ವ್ಯತ್ಯಾಸ ಯಾವತ್ತೂ ಒಂಬತ್ತರ ಮಗ್ಗಿಯಲ್ಲೇ ಬೀಳುತ್ತದೆ. 600 ಬಂತೆಂದರೆ ಸಾವಿರ ಮತ್ತು ನೂರರ ಸ್ಥಾನಗಳನ್ನು ನೋಡಬೇಕು. ಅಲ್ಲಿರುವ ಅಂಕಿಗಳ ನಡುವೆ ಆರರ ಅಂತರ: 9–3, 8–2, 7–1, 6–0. ಒಂಬತ್ತರಲ್ಲಿ ಭಾಗ ಹೋಗದಿದ್ದರೆ ಮೊತ್ತವನ್ನು ಅರ್ಧ ಮಾಡಿ, ಅಷ್ಟೇ ಮೊತ್ತದ ಪಾವತಿ ಜಮೆಯಾಗಿ ಪೋಸ್ಟ್ ಆಗಿದೆಯೇ ಹುಡುಕಬೇಕು. ಅದೂ ಅಲ್ಲವೆಂದರೆ ಮಾತ್ರ ಮತ್ತೆ ಪ್ಯಾಕೆಟ್ ಬಿಚ್ಚುವುದು. ಹೊಸಬರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ, ಎಣಿಸಿ ಎಣಿಸಿಯೇ ಸುಸ್ತಾಗುತ್ತಾರೆ.

ಅದೇ ಹೊತ್ತಿಗೆ ಮ್ಯಾನೇಜರ್ ಕ್ಯಾಬಿನ್ನಿನ ಸ್ಪೀಕರ್ ಫೋನಿನಿಂದ ರೀಜನಲ್ ಆಫೀಸಿನ ದನಿ: "ಇನ್ಶೂರೆನ್ಸ್ ಎಷ್ಟು ಲಾಗಿನ್ ಆಯ್ತು ಇವತ್ತು?" ಎಷ್ಟು ಪಾಲಿಸಿ ಮಾಡಿಸಿದಿರಿ ಅಂತ ಅರ್ಥ; ಕ್ಯಾಶ್ ಕ್ಲೋಸ್ ಆಯಿತಾ ಅಂತ ಕೇಳಲಿಲ್ಲ. "ಇನ್ನೆರಡು ಆಗತ್ತೆ ಸರ್" ಅಂದರು ಮ್ಯಾನೇಜರ್. ಕೆಟ್ಟವರಲ್ಲ ಪಾಪ, ಹೆದರಿದವರು.

ಹಾರ್ಡ್‌ವೇರ್ ಅಂಗಡಿಯವರ ಚಲನ್ ಸಿಕ್ಕಿತು. ಅಕ್ಷರದಲ್ಲಿ ಸ್ಪಷ್ಟವಾಗಿ ಹದಿಮೂರು ಸಾವಿರದ ಒಂಬೈನೂರು, ಸಿಸ್ಟಮ್ಮಿನಲ್ಲಿ 19,300. ಎಂಟ್ರಿ ತಿದ್ದಿ, ಅಂಗಡಿಗೆ ಫೋನ್ ಮಾಡಿ ತಿಳಿಸಿ, ವಾಲ್ಟ್ ಮುಚ್ಚುವಾಗ ಆರೂವರೆ ದಾಟಿತ್ತು.

ಎರಡು ಕೀಲಿಯ ನಿಯಮ ಹುಟ್ಟಿದ್ದು ಅಪನಂಬಿಕೆಯಿಂದ: ಒಬ್ಬರೇ ವಾಲ್ಟ್ ತೆರೆಯಬಾರದು. ಆದರೆ ಅದೇ ನಿಯಮದಿಂದಾಗಿ ಕ್ಯಾಶ್ ಟ್ಯಾಲಿ ಆಗದ ಸಂಜೆ ಕ್ಯಾಶಿಯರ್ ಒಂಟಿಯಾಗುವುದಿಲ್ಲ, ಇನ್ನೊಬ್ಬರೂ ಮನೆಗೆ ಹೋಗುವಂತಿಲ್ಲ. ಆ ಇನ್ನೊಬ್ಬರು ಗಡಿಯಾರ ನೋಡುತ್ತಾ ಕೂರುತ್ತಾರೋ, ಚಲನ್ ಕಟ್ಟು ಎಳೆದುಕೊಳ್ಳುತ್ತಾರೋ ಎಂಬುದು ಯಾವ ಸರ್ಕ್ಯುಲರಿನಲ್ಲೂ ಇಲ್ಲ. 2016ರ ನೋಟು ರದ್ದತಿಯ ಆ ಸರತಿಗಳನ್ನು ಶಾಖೆಗಳು ದಾಟಿದ್ದು ಹೀಗೇ, ಸಾಲದ ಮೇಜಿನವರೂ ಬಂದು ಎಣಿಸಲು ಕೂತಿದ್ದರಿಂದ. ಈಗ ಎಷ್ಟೋ ಕಡೆ ಇರುವುದೇ ಒಂದು ಕ್ಯಾಶ್ ಕೌಂಟರ್. ಪಕ್ಕದ ಕುರ್ಚಿಯೇ ಇಲ್ಲದ ಮೇಲೆ ಬಂದು ಕೂರುವವರು ಯಾರು? ಒತ್ತಡ ನಿಭಾಯಿಸುವ ಬಗ್ಗೆ ಆನ್‌ಲೈನ್ ತರಬೇತಿಯಂತೂ ತಪ್ಪದೆ ಬರುತ್ತದೆ.

ಅಂದು ಬೆಳಗ್ಗೆಯೇ ಎಲ್ಲರ ಮೇಲ್‌ಗೆ ಒಂದು ಫಾರಂ ಬಂದಿತ್ತು: "ನಿಮ್ಮ ಕೆಲಸದಲ್ಲಿ ನಿಮಗೆಷ್ಟು ಉತ್ಸಾಹವಿದೆ? 1ರಿಂದ 5ರೊಳಗೆ ಗುರುತಿಸಿ." ಮೇಡಂ ಎಲ್ಲ ಪ್ರಶ್ನೆಗೂ 3 ಒತ್ತಿ ಕಳಿಸಿದ್ದಾರಂತೆ.