ತಣ್ಣಗಿದೆಯೋ, ಒದ್ದೆಯೋ: ಓಟಿ ಕೋರ್ಸ್‌ಗೆ ಹೊರಡುವ ಮುಂಚೆ

ನಮ್ಮ ಆಸ್ಪತ್ರೆಯ ವಾರ್ಡಿನ ಒಬ್ಬ ನರ್ಸ್ ಹುಡುಗಿ ಮುಂದಿನ ತಿಂಗಳು ಓಟಿ, ಅಂದರೆ ಆಪರೇಷನ್ ಥಿಯೇಟರ್ ನರ್ಸಿಂಗ್ ಕೋರ್ಸ್‌ಗೆ ಹೊರಟಿದ್ದಾಳೆ. ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ. ಹೋದ ವಾರ ನೈಟ್ ಡ್ಯೂಟಿ ಮುಗಿಸಿ ಓಟಿ ಬಾಗಿಲಿಗೆ ಬಂದು, "ಸಿಸ್ಟರ್, ಹೋಗೋಕೆ ಮುಂಚೆ ಏನು ಓದ್ಕೊಳ್ಳಲಿ?" ಅಂದಳು. ಕೈಯಲ್ಲಿ ಇನ್‌ಸ್ಟ್ರುಮೆಂಟ್ ಚಿತ್ರಗಳ ದಪ್ಪ ಪುಸ್ತಕ. ಹನ್ನೊಂದು ವರ್ಷದ ಹಿಂದೆ ನಾನು ಇದೇ ಕೋರ್ಸ್‌ಗೆ ಹೊರಟಾಗ ನನ್ನ ಕೈಯಲ್ಲೂ ಅಂಥದ್ದೇ ಪುಸ್ತಕ ಇತ್ತು. ಅವಳಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಹೆಸರುಗಳು ಗೊತ್ತಿರಬೇಕು, ನಿಜ. ಆಲಿಸ್ ಫೋರ್ಸೆಪ್ಸ್ (ಅಂಗಾಂಶ ಹಿಡಿಯುವ ಇಕ್ಕಳ) ತುದಿಯಲ್ಲಿ ಹಲ್ಲಿದೆ, ಬ್ಯಾಬ್‌ಕಾಕ್‌ಗೆ ಇಲ್ಲ, ಅದಕ್ಕೇ ಕರುಳು ಹಿಡಿಯಲು ಬ್ಯಾಬ್‌ಕಾಕ್. ಕೊಯ್ಯುವ ಚಾಕುವಿನ 3ನೇ ನಂಬರ್ ಹಿಡಿಗೆ 10, 11, 15ರ ಬ್ಲೇಡ್ ಕೂರುತ್ತದೆ, 4ನೇ ನಂಬರಿಗೆ 20ರಿಂದ ಮೇಲಿನವು. ಹೊಲಿಗೆ ದಾರದ ನಂಬರಿನಲ್ಲಿ ಸೊನ್ನೆ ಜಾಸ್ತಿ ಆದಷ್ಟೂ ದಾರ ಸಣ್ಣ. ಇವೆಲ್ಲ ಎದುರಿಗೆ ಡಾಕ್ಟರ್ ಕೈ ಚಾಚಿ ನಿಂತಾಗ ತಾವಾಗಿಯೇ ಬಂದುಬಿಡುತ್ತವೆ. ಅನುಮಾನ ಬಂದ ತಕ್ಷಣ ಬಾಯಿಬಿಟ್ಟು ಹೇಳುವುದು ಮಾತ್ರ ಹಾಗೆ ಬರುವುದಿಲ್ಲ. ನನಗೆ ಅದು ಬಂದಿದ್ದು ಒಂದು ಒದ್ದೆ ಬಂಡಲ್‌ನಿಂದ, ಅಂದರೆ ಸರ್ಜರಿ ಸಾಮಾನನ್ನು ಬಟ್ಟೆಯಲ್ಲಿ ಸುತ್ತಿದ ಗಂಟಿನಿಂದ.

ಕೋರ್ಸ್‌ಗೆ ಹೋಗುವ ಮುಂಚೆ ಕೆಲವು ತಿಂಗಳು ನನ್ನನ್ನು ಓಟಿಗೆ ಹಾಕಿದ್ದರು. ಜುಲೈ. ಮಡಿಕೇರಿ ಕಡೆಯ ಜುಲೈ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಒಗೆದ ಯೂನಿಫಾರ್ಮ್ ನಾಲ್ಕು ದಿನವಾದರೂ ಒಣಗುವುದಿಲ್ಲ. ಒಲೆ ಮೇಲಿನ ಹಗ್ಗಕ್ಕೆ ಹಾಕಿ, ಹೊಗೆ ವಾಸನೆ ಸಮೇತ ಹಾಕಿಕೊಂಡು ಬರುತ್ತೇವೆ. ಬೀರುವಿನೊಳಗಿನ ಬ್ಯಾಗಿಗೂ ಬೂಷ್ಟು. ಕೈಗೆ ತೇವ ತಾಗಿದರೆ ಅದೊಂದು ವಿಷಯ ಅಂತಲೇ ಅನಿಸದಷ್ಟು ಅಭ್ಯಾಸವಾಗಿರುತ್ತದೆ.

ಅವತ್ತು ಬೆಳಿಗ್ಗೆ ಹರ್ನಿಯಾ ಕೇಸ್ ಇತ್ತು. ಒತ್ತಡದ ಹಬೆಯಲ್ಲಿ ರೋಗಾಣು ಕೊಲ್ಲುವ ಆಟೋಕ್ಲೇವ್‌ನಿಂದ ಬಿಸಿಬಿಸಿ ಬಂಡಲ್ ತೆಗೆದು, ಅವಸರದಲ್ಲಿ ತಣ್ಣಗಿದ್ದ ಸ್ಟೀಲ್ ಟೇಬಲ್ ಮೇಲೆ ಇಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಎತ್ತಿಕೊಂಡು ಒಳಗೆ ಬರುವಾಗ ಅಡಿಯಲ್ಲಿ ಅಂಗೈಗೆ ತಂಪು ತಾಗಿತು. ಮಳೆಗಾಲ ಅಲ್ವಾ ಅಂದುಕೊಂಡು ಟ್ರಾಲಿ ಮೇಲಿಟ್ಟೆ. ಇನ್‌ಚಾರ್ಜ್ ಸಿಸ್ಟರ್ ಬಂದು, ಬಿಚ್ಚುವ ಮುಂಚೆ ಕೈಯ ಹಿಂಬದಿಯನ್ನು ಬಂಡಲ್ ಅಡಿಗೆ ಒತ್ತಿ ನೋಡಿದರು. ಮಗುಚಿ ತೋರಿಸಿದರು. ಬಟ್ಟೆ ಮೇಲೆ ಅಂಗೈಯಗಲದ ಒದ್ದೆ ಕಲೆ. ಬೈಯಲಿಲ್ಲ. "ಇದು ಹೋಗಲಿ, ವಾಪಸ್ ಹಾಕಿ" ಅಂದರು, ಡಾಕ್ಟರ್‌ಗೂ ಅವರೇ ಹೇಳಿದರು. ನಮ್ಮ ಹತ್ತಿರ ಇದ್ದದ್ದು ಆ ಒಂದೇ ಸೆಟ್.

ಆಮೇಲೆ ಕಾರಣ ವಿವರಿಸಿದರು. ಒಣಗಿದ ಬಟ್ಟೆ ರೋಗಾಣುಗಳನ್ನು ತಡೆಯುತ್ತದೆ. ಒದ್ದೆಯಾದರೆ ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಹೊರಗಿನದನ್ನು ಒಳಗೆ ಎಳೆದುಕೊಳ್ಳುತ್ತದೆ. ಬಿಸಿ ಬಂಡಲ್ ತಣ್ಣನೆ ಲೋಹದ ಮೇಲೆ ಕೂತರೆ ಒಳಗಿನ ಹಬೆ ಅಲ್ಲೇ ನೀರಾಗುತ್ತದೆ. ಆದ್ದರಿಂದ ಪೂರ್ತಿ ಆರುವ ತನಕ ತಂತಿ ರ‍್ಯಾಕ್ ಮೇಲೆ ಬಿಟ್ಟು, ಆಮೇಲೇ ಮುಟ್ಟಬೇಕು.

ಹೊರಗೆ ಟ್ರಾಲಿ ಮೇಲೆ ಒಬ್ಬ ಅಜ್ಜ ಮಲಗಿದ್ದರು. ರಾತ್ರಿಯಿಂದ ಏನೂ ತಿಂದಿರಲಿಲ್ಲ. ಹೋಗಿ ಹೇಳುವ ಕೆಲಸ ನನ್ನದೇ ಆಯಿತು. "ಅಜ್ಜ, ಇನ್ನೂ ಒಂದೂವರೆ ಗಂಟೆ ಆಗುತ್ತೆ." "ಹಾಗಾದ್ರೆ ಒಂದು ಲೋಟ ಕಾಫಿ ಆದ್ರೂ ಕೊಡಿ ಮಗಳೇ" ಅಂದರು. ಕೊಡುವ ಹಾಗಿರಲಿಲ್ಲ. ಅವರ ಕಾಲಿಗೆ ಇನ್ನೊಂದು ಕಂಬಳಿ ಹೊದಿಸಿ ನಿಂತೆ. ನನ್ನ ಕೈಗೆ ತಂಪು ತಾಗಿತ್ತು, ನಾನು ಹೇಳಿರಲಿಲ್ಲ. ಅದು ಇವತ್ತಿಗೂ ನೋಯುತ್ತದೆ.

ಹಾಗಾಗಿ ಆ ಹುಡುಗಿಗೆ ಮೊದಲು ಹೇಳಿದ್ದು, ಪುಸ್ತಕ ಇಟ್ಟು ಒಂದು ವಾರ ಆಟೋಕ್ಲೇವ್ ರೂಮಿನಲ್ಲಿ ನಿಲ್ಲು ಅಂತ. ಪುಸ್ತಕದಲ್ಲಿ 121 ಡಿಗ್ರಿ, 15 ಪೌಂಡ್ ಒತ್ತಡ ಅಂತ ಇರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಇಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಮಾಮೂಲಿ ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಒತ್ತಡ ಇದೆ ಅನ್ನುವುದನ್ನು ಮಾತ್ರ. ಇಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಡಿಮೆ, ಆದ್ದರಿಂದ ಮುಳ್ಳು 15ರಲ್ಲಿದ್ದಾಗ ಒಳಗೆ 121 ಮುಟ್ಟಿರುವುದಿಲ್ಲ, ಅದಕ್ಕೆ ಸುಮಾರು 17 ಬೇಕು. ಮಂಗಳೂರಿನಲ್ಲಿ ಕಲಿತು ಬಂದವರಿಗೆ ಇದು ಹೊಳೆಯುವುದೇ ಇಲ್ಲ. ಒತ್ತಡದ ಮುಳ್ಳನ್ನಷ್ಟೇ ನೋಡಬೇಡಿ, ಉಷ್ಣತೆ ನೋಡಿ, ಅಲ್ಲಿಂದ ಸಮಯ ಎಣಿಸಿ. ಬಂಡಲ್ ಹೊರಗೆ ಹಚ್ಚಿದ ಟೇಪ್ ಮೇಲಿನ ಗೆರೆ ಕಪ್ಪಾಯಿತು ಅಂದರೆ ಬಂಡಲ್ ಬಿಸಿ ಕಂಡಿದೆ ಅಂತಷ್ಟೇ ಅರ್ಥ. ಹಬೆ ಒಳಗೂ ಸರಿಯಾಗಿ ತಲುಪಿತೇ ಅಂತ ಬಣ್ಣ ಬದಲಿಸಿ ತೋರಿಸುವ ಒಳಗಿನ ಇಂಡಿಕೇಟರ್ ಪಟ್ಟಿಯನ್ನೂ ನೋಡಲೇಬೇಕು.

ಎರಡನೆಯದು ಎಣಿಕೆ. ಯಾವುದೂ ರೋಗಿಯ ಒಳಗೆ ಉಳಿಯದ ಹಾಗೆ ಮಾಪ್ (ರಕ್ತ ಒರೆಸುವ ಬಟ್ಟೆ), ಗಾಜ್ (ತೆಳು ಬಟ್ಟೆಯ ತುಂಡು), ಸೂಜಿ ಎಲ್ಲವನ್ನೂ ಶುರುವಿಗೆ ಮುಂಚೆ, ಹೊಟ್ಟೆ ಮುಚ್ಚುವ ಮುಂಚೆ, ಚರ್ಮ ಹೊಲಿಯುವ ಮುಂಚೆ ಎಣಿಸುತ್ತೇವೆ. ಇಬ್ಬರು, ಜೋರಾಗಿ, ಒಂದೊಂದನ್ನೇ ಬಿಡಿಸಿ. ನಮ್ಮಲ್ಲಿ ಹುಡುಗಿಯರಿಗೆ ಮೆತ್ತಗೆ ಮಾತಾಡು ಅಂತ ಹೇಳಿ ಬೆಳೆಸಿರುತ್ತಾರೆ. ದೊಡ್ಡ ಡಾಕ್ಟರ್ ಎದುರಿಗೆ "ಸರ್, ಒಂದು ಮಾಪ್ ಸಿಗ್ತಿಲ್ಲ, ಮುಚ್ಚಬೇಡಿ" ಅನ್ನಲು ಗಂಟಲು ಕಟ್ಟುತ್ತದೆ. ನನಗೂ ಕಟ್ಟುತ್ತಿತ್ತು. ಮನೆಯಲ್ಲಿ ಕರ್ಚೀಫುಗಳನ್ನು ಇಟ್ಟುಕೊಂಡು ಜೋರಾಗಿ ಎಣಿಸಿ, ಆ ವಾಕ್ಯವನ್ನು ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿ. ಸುಮ್ನೆ ಹೇಳುತ್ತಿಲ್ಲ, ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ 19 ಅಂಶಗಳ ಸರ್ಜರಿ ಚೆಕ್‌ಲಿಸ್ಟ್ ಇದೆಯಲ್ಲ, ಅದೂ ಇದೇ ಕೆಲಸಕ್ಕೆ. ಅರಿವಳಿಕೆಗೆ ಮುಂಚೆ, ಕೊಯ್ಯುವ ಮುಂಚೆ, ರೋಗಿ ಓಟಿ ಬಿಡುವ ಮುಂಚೆ, ಹೀಗೆ ಮೂರು ಸಲ ನಿಂತು ಬಾಯಿಬಿಟ್ಟು ಹೇಳಬೇಕು. ದೆಹಲಿ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪ್ರಯೋಗ ಮಾಡಿದಾಗ ಸಾವು ಶೇ. 1.5ರಿಂದ 0.8ಕ್ಕೆ ಇಳಿದಿತ್ತು. 2009ರಲ್ಲಿ ಅದರ ವರದಿ ಬಂತು. ಆದರೆ ಸುಮ್ನೆ ಟಿಕ್ ಹಾಕಿದರೆ ಏನೂ ಪ್ರಯೋಜನವಿಲ್ಲ. ನಮ್ಮ ಜಿಲ್ಲೆಯಲ್ಲಂತೂ ಇನ್ನೊಂದು ತೊಡಕಿದೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡವರು ಬರುತ್ತಾರೆ. ಒಬ್ಬರ ಮಾತು ಕೊಡವ ತಕ್ಕ್, ಒಬ್ಬರದು ಅರೆಭಾಷೆ, ಇನ್ನೊಬ್ಬರು ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರು. "ಬಲಗಾಲು ಅಲ್ವಾ?" ಅಂತ ಕೇಳಿದರೆ ಹೆದರಿಕೆಯಲ್ಲಿ ಎಲ್ಲರೂ ತಲೆ ಆಡಿಸುತ್ತಾರೆ. ಹಾಗೆ ಕೇಳಲೇಬೇಡಿ. "ಯಾವ ಕಾಲು? ಕೈಯಲ್ಲಿ ತೋರಿಸಿ" ಅನ್ನಿ. ಹೆಸರನ್ನೂ ಅವರ ಬಾಯಿಂದಲೇ ಹೇಳಿಸಿ.

ಉಳಿದದ್ದು ಬೇಗ ಹೇಳುತ್ತೇನೆ. ರಿಜಿಸ್ಟ್ರೇಷನ್ ಪತ್ರದ ಜೆರಾಕ್ಸ್ ನಾಲ್ಕೈದು ಇಟ್ಟುಕೊಳ್ಳಿ. ಬೆಳಿಗ್ಗೆ ತಿಂಡಿ ಬಿಡಬೇಡಿ, ಗಂಟೆಗಟ್ಟಲೆ ನಿಲ್ಲಬೇಕು. ಕೈಗಳನ್ನು ನೋಡಿಕೊಳ್ಳಿ. ತೋಟದಲ್ಲಿ ಕತ್ತಿ ತಾಗಿಸಿಕೊಂಡು ಬಂದರೆ ಸ್ಕ್ರಬ್ ಮಾಡಲು, ಅಂದರೆ ಕೈ ತಿಕ್ಕಿ ತೊಳೆದು ಆಪರೇಷನ್‌ಗೆ ನಿಲ್ಲಲು ಬಿಡುವುದಿಲ್ಲ. ಅಂದಹಾಗೆ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹಾಲ್‌ಸ್ಟೆಡ್ ಎಂಬ ಸರ್ಜನ್ 1889-90ರ ಹೊತ್ತಿಗೆ ರಬ್ಬರ್ ಗ್ಲೌಸ್ ಮಾಡಿಸಿದ್ದು ರೋಗಿಗಾಗಿ ಅಲ್ಲ. ಔಷಧಿ ನೀರಿಗೆ ಕೈ ಸುಲಿದುಹೋಗುತ್ತಿದ್ದ ಓಟಿ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್ ಅವರಿಗಾಗಿ. ಗ್ಲೌಸ್ ಹಾಕುವಾಗೆಲ್ಲ ನನಗೆ ಅವರ ನೆನಪಾಗುತ್ತದೆ.

ನಿನ್ನೆ ಆ ಹುಡುಗಿ ಆಟೋಕ್ಲೇವ್ ರೂಮಿಗೆ ಬಂದಿದ್ದಳು. ಹೊರಗೆ ಜೋರು ಮಳೆ. ರ‍್ಯಾಕ್ ಮೇಲಿನ ಒಂದು ಬಂಡಲ್ ಅಡಿಗೆ ಕೈ ಒತ್ತಿ, ಸ್ವಲ್ಪ ಹೊತ್ತು ಹಾಗೇ ನಿಂತಳು. "ಸಿಸ್ಟರ್, ಇದು ತಣ್ಣಗಿದೆಯೋ ಒದ್ದೆಯೋ ಗೊತ್ತಾಗ್ತಿಲ್ಲ" ಅಂದಳು. ನಾನೂ ಒತ್ತಿ ನೋಡಿದೆ. ನನಗೂ ಗೊತ್ತಾಗಲಿಲ್ಲ. ಇಬ್ಬರೂ ಸೇರಿ ಬಿಚ್ಚಿದೆವು. ಪದರ ಪದರವೂ ಒಣಗಿತ್ತು, ತಣ್ಣಗಿತ್ತು ಅಷ್ಟೇ. ಬಿಚ್ಚಿದ ಮೇಲೆ ಬಳಸುವ ಹಾಗಿಲ್ಲವಲ್ಲ, ಅವಳೇ ಹೊಸ ಬಟ್ಟೆಯಲ್ಲಿ ಸುತ್ತಿ, ಟೇಪ್ ಹಚ್ಚಿ, ತಾರೀಕು ಬರೆದು ಮತ್ತೆ ಆಟೋಕ್ಲೇವ್‌ಗೆ ಹಾಕಿದಳು.