ಕುಡಿಯದ ಭಾವನ ಲಿವರ್ ಕಥೆ

ನಮ್ಮ ಭಾವ ಜೀವಮಾನದಲ್ಲಿ ಒಂದು ಗುಟುಕು ಕುಡಿದವರಲ್ಲ. ಹೋದ ತಿಂಗಳು ಹೊಟ್ಟೆ ಸ್ಕ್ಯಾನ್ ಮಾಡಿಸಿದರೆ 'ಗ್ರೇಡ್ ಒನ್ ಫ್ಯಾಟಿ ಲಿವರ್' ಅಂತ ಬಂತು. ಕುಂದವಾಡ ಕೆರೆ ಹತ್ರ ವಾಕಿಂಗ್‌ಗೆ ಬರೋರೆಲ್ಲ "ಏನ್ರೀ, ಗುಟ್ಟಾಗಿ ತಗೋತೀರಾ?" ಅಂತ ಕಾಲೆಳೆದರು. ಬೆಣ್ಣೆ ದೋಸೆ ಊರಲ್ಲಿ ಎಣ್ಣೆ ಯಾಕೆ ಬೇಕು ಅಂತ ನಾನೂ ಒಂದು ಸೇರಿಸಿದೆ. (ದೋಸೆ ಒಂದನ್ನೇ ಬೈಯೋದು ತಪ್ಪು. ಹೊಟ್ಟೆ ಬೊಜ್ಜು, ಶುಗರ್, ಕೂತಲ್ಲೇ ಕೆಲಸ ಎಲ್ಲ ಸೇರಿ ಆಗೋದು.)

ಅವರಿಗೆ ತಲೆ ಕೆಟ್ಟಿದ್ದು ಬೇರೆ ಕಾರಣಕ್ಕೆ. ರಕ್ತದಲ್ಲಿ ನೋಡೋ ಲಿವರ್ ಎನ್‌ಜೈಮು, ಎಸ್‌ಜಿಪಿಟಿ, ನಾರ್ಮಲ್. "ರಕ್ತ ಸರಿ ಐತಿ ಅಂತೈತಿ, ಸ್ಕ್ಯಾನ್ ಇಲ್ಲ ಅಂತೈತಿ, ಯಾವುದು ನಂಬ್ಲಿ?" ಅಂದರು. ಎರಡೂ ಸುಳ್ಳಲ್ಲ. ಲಿವರ್ ಕಣಗಳು ಪೆಟ್ಟು ತಿಂದಾಗ ಎಸ್‌ಜಿಪಿಟಿ ರಕ್ತಕ್ಕೆ ಸೋರುತ್ತೆ, ಆದರೆ ಕೊಬ್ಬು ತುಂಬಿದ ಎಷ್ಟೋ ಲಿವರ್‌ಗಳಲ್ಲಿ ಅದು ನಾರ್ಮಲ್ಲೇ ಇರುತ್ತೆ. ಪಕ್ಕಾ ಗೊತ್ತಾಗಬೇಕಂದ್ರೆ ಸೂಜಿ ಚುಚ್ಚಿ ಬಯಾಪ್ಸಿ ಮಾಡಬೇಕು, ಎಲ್ಲರಿಗೂ ಅದು ಆಗೋ ಮಾತಲ್ಲ.

ಅದಕ್ಕೇ ವಿಜ್ಞಾನಿಗಳು ರಕ್ತದ ಆಂಟಿಬಾಡಿಗೆ ಅಂಟಿದ ಸಕ್ಕರೆ ನೋಡ್ತಿದ್ದಾರೆ. "ಹಂಗಾದ್ರೆ ಶುಗರ್ ಟೆಸ್ಟೇ ಅಲ್ವಾ?" ಅಂದರು ಭಾವ. ಅಲ್ಲ. ಐಜಿಜಿ ಅನ್ನೋ ಆಂಟಿಬಾಡಿ ಕವಣೆ ಕೋಲಿನ ಥರ ಇರುತ್ತೆ. ಅದರ ಹಿಡಿಯಲ್ಲಿ ಸಕ್ಕರೆಗಳ ಒಂದು ಪುಟ್ಟ ಸರ, ಆಂಟಿಬಾಡಿ ಮಾಡೋ ಕಣದೊಳಗೇ ಪೋಣಿಸಿದ್ದು. ಸರದ ತುದಿಯ ಕಡೆ ಸಾಮಾನ್ಯವಾಗಿ ಗ್ಯಾಲಕ್ಟೋಸ್, ಹಾಲಿನ ಸಕ್ಕರೆಯಲ್ಲೂ ಇರುತ್ತಲ್ಲ, ಅದೇ. ಮೈಯಲ್ಲಿ ಉರಿಯೂತ ಬಹಳ ದಿನ ಇದ್ದರೆ ಆ ಗ್ಯಾಲಕ್ಟೋಸ್ ಇಲ್ಲದ ಬೋಳು ಸರಗಳು ಜಾಸ್ತಿ ಆಗುತ್ತವೆ. 1985ರಲ್ಲಿ ಕೀಲುವಾತದ ರೋಗಿಗಳಲ್ಲಿ ಇದನ್ನ ಕಂಡಿದ್ದರು. ಲಿವರ್ ಗಟ್ಟಿಯಾಗ್ತಾ ಹೋದವರಲ್ಲೂ ಇಂಥದ್ದೇ ಗುರುತು ಕಾಣುತ್ತೆ.

ತೊಡಕು ಏನಂದ್ರೆ, ಆಂಟಿಬಾಡಿ ಮಾಡೋದು ಲಿವರ್ ಅಲ್ಲ, ರಕ್ಷಣಾ ಕಣಗಳು. ವಯಸ್ಸಾದ್ರೂ ಸರ ಬೋಳಾಗುತ್ತೆ, ಕೀಲು ಊದಿದ್ರೂ ಆಗುತ್ತೆ. ನಮ್ಮ ಮಂಡಕ್ಕಿ ಭಟ್ಟಿ ಕಡೆ ಹೊಗೆ ಎದ್ದರೆ ಯಾವ ಭಟ್ಟಿಯದು ಅಂತ ದೂರದಿಂದ ಹೇಳೋಕಾಗುತ್ತಾ? ಇದೊಂದನ್ನೇ ನಂಬಿ ಫ್ಯಾಟಿ ಲಿವರ್ ಅನ್ನೋಕಾಗಲ್ಲ. ಬೇರೆ ಲೆಕ್ಕಗಳ ಜೊತೆ ಸೇರಿಸಿದ್ರೆ, ಯಾರ ಲಿವರ್ ಮುಂದೆ ಕೆಡಬಹುದು ಅನ್ನೋದಕ್ಕೆ ಉಪಯೋಗ ಆದೀತು ಅಂತ ನನ್ನ ಅನಿಸಿಕೆ.

ಸದ್ಯಕ್ಕೆ ಡಾಕ್ಟ್ರು ಭಾವನ ವಯಸ್ಸು, ಎರಡು ಎನ್‌ಜೈಮು, ಪ್ಲೇಟ್‌ಲೆಟ್ ಹಾಕಿ, ಲಿವರ್ ಗಟ್ಟಿಯಾಗಿರಬಹುದಾ ಅಂತ ಅಂದಾಜು ಮಾಡೋ ಫಿಬ್-4 ಲೆಕ್ಕ ಮಾಡಿ, ಗಾಬರಿ ಬೇಡ, ನಾಲ್ಕೈದು ಕೆಜಿ ಇಳಿಸಿ ಅಂದರು. ಭಾವ 84 ಕೆಜಿ ಇದ್ದಾರೆ. ಭಾನುವಾರ ದೋಸೆ ಹೋಟೆಲಿನಲ್ಲಿ "ಬೆಣ್ಣೆ ಕಮ್ಮಿ ಹಾಕಪ್ಪಾ" ಅಂದರು. ಕಾವಲಿ ಮುಂದೆ ನಿಂತವನು ಇವರ ಮುಖ ನೋಡಿ, "ಯಾವೂರಾತ್ರೀ ನಿಮ್ದು?" ಅಂದ.